ದಪ್ಪ ತಮ್ಮನೂ ನಮ್ಮ ದೊಡ್ಡಪ್ಪನೂ

ಅಕ್ಷರ ದಪ್ಪ ಇದ್ದಷ್ಟೂ ಚೆಂದ ಅನ್ನೋದು ನನ್ನ ಹಳೇ ಚಟ. ಶಾಲೆಯಲ್ಲಿ ನೋಟ್‌ಬುಕ್ಕಿನ ಲೇಬಲ್ ಮೇಲೆ ಹೆಸರನ್ನು ಮೂರು ಮೂರು ಸಲ ತೀಡಿ, ಕೊನೆಗೆ ಲೇಬಲ್ಲೇ ಹರಿದುಹೋಗುತ್ತಿತ್ತು.

ಹಾಗಾಗಿ ‘ಬಲೂ ತಮ್ಮ’ ಫಾಂಟ್ ಕಂಡಾಗ ಒಡಹುಟ್ಟಿದವನೇ ಸಿಕ್ಕ ಹಾಗಾಯಿತು. ಮುಂಬೈನ ಫಾಂಟ್ ತಯಾರಕರಾದ ಏಕ್ ಟೈಪ್‌ನವರು ಮಾಡಿದ್ದು. ಬೇರೆ ಬೇರೆ ಲಿಪಿಗೆ ಅವರು ಒಬ್ಬೊಬ್ಬ ಸೋದರನನ್ನು ಕೊಟ್ಟಿದ್ದಾರೆ. ಗುಜರಾತಿಗೆ ಭಾಯ್, ಬಂಗಾಳಿಗೆ ದಾ, ತಮಿಳಿಗೆ ತಂಬಿ, ನಮಗೆ ತಮ್ಮ. ಚೂಪು ಮೂಲೆಯಿಲ್ಲದ ದುಂಡು ದುಂಡು ಅಕ್ಷರ. ಆಗಷ್ಟೇ ಹೋಳಿಗೆ ಊಟ ಮುಗಿಸಿ ಗೋಡೆಗೆ ಒರಗಿದ ಹಾಗೆ. ಪುಕ್ಕಟೆ ಬೇರೆ.

ಅಷ್ಟರಲ್ಲಿ ದೊಡ್ಡಪ್ಪನಿಗೆ ಅರವತ್ತು ತುಂಬಿತು. ಬ್ಯಾನರ್ ನಾನೇ ಮಾಡ್ತೀನಿ ಅಂದೆ. ಬೇಡ ಅನ್ನುವವರು ಯಾರೂ ಇರಲಿಲ್ಲ, ಅದೇ ತಪ್ಪಾಗಿದ್ದು.

ಈ ಫಾಂಟಿನ ಹೊಸ ಆವೃತ್ತಿ ಬಲೂ ತಮ್ಮ 2 ಐದು ದಪ್ಪಗಳಲ್ಲಿ ಬರುತ್ತದೆ. ನಾನು ಆರಿಸಿದ್ದು ಐದನೆಯದು. ಅದೂ ಸಾಲದು ಅನಿಸಿ ಸುತ್ತ ಅದೇ ಬಣ್ಣದ ಬಾರ್ಡರ್ ಎಳೆದೆ. ಹಿಂದೆ ನೆರಳು ಕೊಟ್ಟೆ. ಫೋನಿನಲ್ಲಿ ಎಲ್ಲರಿಗೂ ಕಳಿಸಿದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಯಾರೂ ಓದಿರಲಿಲ್ಲ.

ಸಮಾರಂಭದ ದಿನ ಬೆಳಗ್ಗೆ 8 ಅಡಿ ಉದ್ದದ ಫ್ಲೆಕ್ಸ್ ಬಿಚ್ಚಿ ಕಟ್ಟಿದೆವು. ದೊಡ್ಡಪ್ಪನ ಮೊಮ್ಮಗಳು ಎರಡನೇ ಕ್ಲಾಸು. ಅಕ್ಷರ ಕಂಡಲ್ಲೆಲ್ಲ ಜೋರಾಗಿ ಓದುವ ಕಾಲ.

“ಪ... ಪ... ಪಪ್ಟ್ಯಬ್ದಿ! ತಾತಾ, ಪಪ್ಟ್ಯಬ್ದಿ ಅಂದ್ರೇನು?”

ಪಕಾರಕ್ಕೂ ಷಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದೇ ಒಂದು ಗೆರೆ. ಅಷ್ಟು ದಪ್ಪ ಅಕ್ಷರದಲ್ಲೂ ಆ ಗೆರೆಯ ಅಕ್ಕಪಕ್ಕ ಫಾಂಟ್ ಮಾಡಿದವರು ಜೋಪಾನವಾಗಿ ಜಾಗ ಬಿಟ್ಟಿದ್ದರು. ನಾನು ಬಾರ್ಡರ್ ಹಾಕಿ ಅದನ್ನು ಗಾರೆ ಮೆತ್ತಿದ ಹಾಗೆ ಮುಚ್ಚಿದ್ದೆ. ‘ಷಷ್ಟ್ಯಬ್ದಿ’ಯಲ್ಲಿ ಅಂಥ ಹೊಟ್ಟೆ ಎರಡು.

ಕೆಳಗಿನ ಸಾಲಿನ ಕಥೆ ಇನ್ನೂ ಜಾಸ್ತಿ. ಇಂಗ್ಲಿಷಿಗೆ ಅಡಿಯಲ್ಲಿ ಒಂದಿಷ್ಟು ಜಾಗ ಸಾಕು. ಕನ್ನಡದ ಒತ್ತಕ್ಷರ ಹಾಗಲ್ಲ, ಕಾಲು ಚಾಚಿ ಮಲಗುತ್ತವೆ. ನಾನು ಶುಭ ಕೋರುವವರ ಸಾಲನ್ನು ಅಂಚಿಗೇ ತಂದು ಕೂರಿಸಿದ್ದೆ. ರಿಂಗ್ ಹಾಕಲು ಅಂಚು ಮಡಚಿದಾಗ ಒತ್ತುಗಳೆಲ್ಲ ಹಿಂದಕ್ಕೆ ಹೋದವು. ‘ಅಜ್ಜಿ, ಚಿಕ್ಕಪ್ಪ, ಅತ್ತೆ ಮತ್ತು ಮಕ್ಕಳು’ ಅಂತ ಇದ್ದದ್ದು ‘ಅಜಿ, ಚಿಕಪ, ಅತೆ ಮತು ಮಕಳು’ ಆಗಿತ್ತು. ಚಿಕ್ಕಪ್ಪ ಎರಡು ಸಲ ಓದಿ, “ಇದ್ಯಾರೋ ಚಿಕಪ? ಜಪಾನಿನವನಾ?” ಅಂದರು. ಅಡುಗೆ ಭಟ್ಟರು ಮಧ್ಯಾಹ್ನದವರೆಗೂ “ಪಪ್ಟ್ಯಬ್ದಿ ಎಲೆ ಎಷ್ಟು ಹಾಕಲಿ?” ಅಂತಲೇ ಕೇಳಿದರು.

ಹೂವಿನ ಹಾರ ಇಳಿಬಿಟ್ಟು ಮೇಲಿನ ಸಾಲು ಮರೆಮಾಡಿದೆ. ಕೆಳಗಿನ ಸಾಲಿಗೆ ಬಾಳೆಕಂದು ಅಡ್ಡ ಇಟ್ಟೆ. ಈಗ ಬ್ಯಾನರ್‌ನಲ್ಲಿ ಉಳಿದಿದ್ದು ದೊಡ್ಡಪ್ಪನ ಫೋಟೋ ಮತ್ತು ಹಾರ. ಬಂದವರಲ್ಲಿ ಒಬ್ಬರು ಬಾಗಿಲಲ್ಲೇ ನಿಂತು ಎದೆ ಹಿಡಿದುಕೊಂಡರು. ಓಡಿಹೋಗಿ ಹಾರ ತೆಗೆದೆ. ಪಪ್ಟ್ಯಬ್ದಿಯೇ ವಾಸಿ ಅಲ್ವಾ?

ಸಂಜೆ ದೊಡ್ಡಪ್ಪ ಹೆಗಲ ಮೇಲೆ ಕೈ ಹಾಕಿದರು.

“ಹೋಗ್ಲಿ ಬಿಡೋ. ಎಪ್ಪತ್ತಕ್ಕೆ ಭೀಮರಥ ಶಾಂತಿ ಮಾಡ್ತಾರಲ್ಲ, ಅದರಲ್ಲಿ ಷ ಇಲ್ಲ, ಒತ್ತೂ ಇಲ್ಲ. ಆಗ ನಿಂಗೆ ಎಷ್ಟು ದಪ್ಪ ಬೇಕೋ ಅಷ್ಟು ಮಾಡಿಸು.”

ಭಕಾರದ ಬುಡದಲ್ಲಿ ಒಂದು ಸೀಳು, ಥಕಾರದ ಹೊಟ್ಟೆಯಲ್ಲಿ ಒಂದು ಚುಕ್ಕಿ ಇರುತ್ತೆ ಅಂತ ನಾನು ಹೇಳೋಕೆ ಹೋಗಲಿಲ್ಲ.