ಸನ್ಯಾಸಿಗಳಿಲ್ಲದ ಮಠದ ಬಿಯರ್

ಬೆಲ್ಜಿಯಂನ ಆಖೆಲ್ ಅನ್ನೋ ಊರು ನೆದರ್ಲೆಂಡ್ಸ್ ಗಡಿಗೆ ಅಂಟಿಕೊಂಡೇ ಇದೆ. ಅಲ್ಲಿನ ಕ್ರೈಸ್ತ ಮಠದ ಬಿಯರ್ 2021ರಲ್ಲಿ ತನ್ನ ಮುದ್ರೆ ಕಳೆದುಕೊಂಡಿತು. ಬಿಯರಿನ ರುಚಿ ಏನೂ ಕೆಟ್ಟಿರಲಿಲ್ಲ. ಮಠದಲ್ಲಿ ಉಳಿದಿದ್ದ ಕೊನೆಯ ಸನ್ಯಾಸಿಗಳು ಅಲ್ಲಿಂದ ಹೊರಟರು, ಅಷ್ಟೇ. ಅವರು ಟ್ರ್ಯಾಪಿಸ್ಟ್ ಅನ್ನೋ ಕ್ರೈಸ್ತ ಪಂಥದ ಸನ್ಯಾಸಿಗಳು; ಅವರು ಹೋದ ಮೇಲೆ ಬಾಟಲಿ ಮೇಲಿನ ಆರು ಮೂಲೆಯ ಟ್ರ್ಯಾಪಿಸ್ಟ್ ಮುದ್ರೆಯೂ ಹೋಯಿತು. 2023ರಲ್ಲಿ ಮಠ, ಬ್ರೂವರಿ ಎರಡೂ ಖಾಸಗಿಯವರ ಕೈಗೆ ಬಂದವು.

ರುಚಿ ಅದೇ ಇರುವಾಗ ಮುದ್ರೆ ಕಿತ್ತುಕೊಂಡಿದ್ದು ಅನ್ಯಾಯ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಕೆಲಸಕ್ಕೆಂದು ಇಲ್ಲಿ ಬೆಲ್ಜಿಯಂಗೆ ಬಂದು ನೆಲೆಸಿರುವ ನಮ್ಮ ಕನ್ನಡದ ಗೆಳೆಯರ ನಡುವೆಯೂ ಈ ಮಾತು ಬರುತ್ತದೆ, ಬಂದಾಗಲೆಲ್ಲ ಜೋರು ಚರ್ಚೆ ಆಗುತ್ತದೆ. ನನಗೆ ಆ ನಿಯಮ ಪೂರ್ತಿ ಸರಿ ಅನಿಸುತ್ತದೆ. ಅದನ್ನು ಒಂದು ಕೂದಲೆಳೆಯಷ್ಟೂ ಸಡಿಲ ಮಾಡಬಾರದು. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನಿಯಮ ಏನು ಅಂತ ನೋಡಿ. ಬಿಯರ್ ಮಠದ ಆವರಣದಲ್ಲೇ ತಯಾರಾಗಬೇಕು. ಸನ್ಯಾಸಿಗಳೇ ಮಾಡಬೇಕು, ಇಲ್ಲವೇ ಅವರ ಉಸ್ತುವಾರಿಯಲ್ಲಿ ನಡೆಯಬೇಕು. ಬಂದ ದುಡ್ಡಿನಲ್ಲಿ ಮಠದ ಖರ್ಚು ಕಳೆಯಬೇಕು, ಮಿಕ್ಕಿದ್ದು ದಾನಕ್ಕೆ ಹೋಗಬೇಕು. ಲಾಭಕ್ಕಾಗಿ ವ್ಯಾಪಾರ ಬೆಳೆಸುವ ಹಾಗಿಲ್ಲ. ತಮ್ಮ ಕೈಯಾರೆ ದುಡಿದು ತಿನ್ನಬೇಕು ಅಂತ ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲೇ ತನ್ನ ಸನ್ಯಾಸಿಗಳಿಗೆ ಕಟ್ಟು ಹಾಕಿದ್ದ. ಟ್ರ್ಯಾಪಿಸ್ಟರು ಆ ಕಟ್ಟನ್ನು ಬಿಗಿಯಾಗಿ ಪಾಲಿಸುವವರು. ಕೆಲವು ಮಠಗಳು ಚೀಸ್ ಮಾಡುತ್ತವೆ, ಕೆಲವು ಬ್ರೆಡ್ ಮಾಡುತ್ತವೆ. ಬೆಲ್ಜಿಯಂನ ಐದು ಮಠಗಳ ಬಿಯರಿಗೆ ಈಗ ಈ ಮುದ್ರೆ ಇದೆ: ವೆಸ್ಟ್‌ಮಾಲೆ, ವೆಸ್ಟ್‌ವ್ಲೇಟರೆನ್, ಶಿಮೇ, ರೋಶ್‌ಫೋರ್, ಓರ್ವಾಲ್.

ವೆಸ್ಟ್‌ವ್ಲೇಟರೆನ್ ವಿಷಯ ಹೇಳಲೇಬೇಕು. ಫ್ರಾನ್ಸ್ ಗಡಿಯ ಹತ್ತಿರ, ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವು ಬೆಳೆಯುವ ಸೀಮೆಯಲ್ಲಿ ಈ ಮಠ ಇದೆ. 2005ರಲ್ಲಿ ಒಂದು ವೆಬ್‌ಸೈಟಿನ ಪಟ್ಟಿಯಲ್ಲಿ ಇವರ 12ನೇ ನಂಬರಿನ ಬಿಯರ್ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೆ ಬಂತು. ಕಾರುಗಳು ಮೈಲುದ್ದ ಸಾಲು ನಿಂತವು. ಬೇರೆ ಯಾರಾದರೂ ಆಗಿದ್ದರೆ ಹೊಸ ಕಾರ್ಖಾನೆ ಕಟ್ಟುತ್ತಿದ್ದರು. ಇವರು ಒಂದು ಬಾಟಲಿ ಜಾಸ್ತಿ ಮಾಡಲು ಒಪ್ಪಲಿಲ್ಲ. ಫೋನ್ ಮಾಡಿ ಬುಕ್ ಮಾಡಬೇಕಿತ್ತು, ಕಾರಿನ ನಂಬರ್ ಕೊಡಬೇಕಿತ್ತು, ಹೇಳಿದ ದಿನ ಹೋಗಿ ಮರದ ಕ್ರೇಟು ಎತ್ತಿಕೊಂಡು ಬರಬೇಕಿತ್ತು. ಮತ್ತೆ ಮಾರುವುದಿಲ್ಲ ಅಂತ ಮಾತು ಕೊಡಬೇಕಿತ್ತು. 2019ರಲ್ಲಿ ಫೋನಿನ ಜಾಗಕ್ಕೆ ಆನ್‌ಲೈನ್ ಬುಕಿಂಗ್ ಬಂತು. ಬಾಟಲಿಗೆ ಬಹಳ ಕಾಲ ಲೇಬಲ್ಲೇ ಇರಲಿಲ್ಲ, ಎಲ್ಲ ವಿವರವೂ ಮುಚ್ಚಳದ ಮೇಲೆಯೇ. 12ರ ಮುಚ್ಚಳ ಹಳದಿ, 8ರದು ನೀಲಿ.

2018ರಲ್ಲಿ ನೆದರ್ಲೆಂಡ್ಸಿನ ಸೂಪರ್‌ಮಾರ್ಕೆಟ್ ಒಂದು ಇದೇ ಬಿಯರನ್ನು ಹೇಗೋ ಸಾವಿರಗಟ್ಟಲೆ ತರಿಸಿ, ಬಾಟಲಿಗೆ ಸುಮಾರು 10 ಯೂರೋದಂತೆ ಮಾರಿತು. ಮಠದ ಬಾಗಿಲಲ್ಲಿ ಬೆಲೆ 2 ಯೂರೋ ಕೂಡ ಇರಲಿಲ್ಲ. ಸನ್ಯಾಸಿಗಳು ಬೇಸರಪಟ್ಟು ಬಹಿರಂಗವಾಗಿಯೇ ತಕರಾರು ಮಾಡಿದರು. ನನಗೆ ಈ ಪ್ರಸಂಗ ತುಂಬಾ ಮುಖ್ಯ. ಐದು ಪಟ್ಟು ದುಡ್ಡು ಕೊಡಲು ಜನ ತಯಾರಿದ್ದಾರೆ ಅಂತ ಕಣ್ಣಾರೆ ಕಂಡ ಮೇಲೂ ತಮ್ಮ ಬೆಲೆಯನ್ನು ಐದು ಪಟ್ಟು ಮಾಡಲಿಲ್ಲ. ಅವರಿಗೆ ಆಸೆಯೇ ಇಲ್ಲ ಅಂತಲ್ಲ, ದುಡ್ಡು ಬೇಕಾದಾಗ ಸಂಪಾದಿಸಿದ್ದಾರೆ. ಮಠದ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಬೇಕಾಗಿ ಬಂದಾಗ, 2011ರಲ್ಲಿ ಬೆಲ್ಜಿಯಂನ ಸೂಪರ್‌ಮಾರ್ಕೆಟ್ ಮೂಲಕವೂ ಮರುವರ್ಷ ಹೊರದೇಶಗಳಲ್ಲೂ ವಿಶೇಷ ಪೆಟ್ಟಿಗೆಗಳನ್ನು ಮಾರಿದರು. ಖರ್ಚಿಗೆ ದುಡ್ಡು ಹೊಂದಿತು, ಮಾರಾಟ ನಿಲ್ಲಿಸಿದರು.

ಸಾಕು ಅಂತ ಹೇಳುವ ಈ ಅಧಿಕಾರ ಯಾರ ಕೈಯಲ್ಲಿದೆ ಅನ್ನೋದೇ ನನ್ನ ಪ್ರಶ್ನೆ. ಷೇರುದಾರರಿರುವ ಕಂಪನಿ ಇದನ್ನು ಹೇಳಲು ಸಾಧ್ಯವೇ ಇಲ್ಲ. ಒಳ್ಳೆಯ ಮನಸ್ಸಿನ ಮಾಲೀಕನೊಬ್ಬ ಹೇಳಬಹುದು, ಅವನ ಮಗ ಹೇಳುತ್ತಾನೆ ಅಂತ ಏನು ಗ್ಯಾರಂಟಿ? ದಿನಕ್ಕೆ ಏಳು ಸಲ ಪ್ರಾರ್ಥನೆಗೆ ಕೂರಬೇಕಾದವರು, ಸ್ವಂತ ಆಸ್ತಿ ಇಲ್ಲದವರು, ಅದೇ ಗೋಡೆಗಳ ನಡುವೆ ಸಾಯುವವರು ಮಾತ್ರ ತಲೆಮಾರುಗಟ್ಟಲೆ ಹೀಗೆ ಹೇಳುತ್ತಾ ಬಂದಿದ್ದಾರೆ.

ಇದಕ್ಕೆ ಎದುರು ವಾದ ಇದೆ, ಗಟ್ಟಿಯಾದ ವಾದವೇ. ಇವತ್ತು ಬಹುತೇಕ ಟ್ರ್ಯಾಪಿಸ್ಟ್ ಬ್ರೂವರಿಗಳಲ್ಲಿ ದಿನನಿತ್ಯದ ಕೆಲಸ ಮಾಡುವವರು ಸಂಬಳದ ನೌಕರರು. ಓರ್ವಾಲ್‌ನಲ್ಲಂತೂ ಶುರುವಿನಿಂದಲೂ ಹಾಗೇ. ಫ್ರೆಂಚ್ ಕ್ರಾಂತಿಯ ಹೊತ್ತಿಗೆ, 1793ರಲ್ಲಿ, ಆ ಮಠ ಸುಟ್ಟು ಹಾಳಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಪಾಳುಬಿದ್ದಿತ್ತು. 1926ರಲ್ಲಿ ಮತ್ತೆ ಕಟ್ಟಲು ಶುರು ಮಾಡಿದರು. ಕಟ್ಟುವುದಕ್ಕೆ ದುಡ್ಡು ಬೇಕಲ್ಲ, ಅದಕ್ಕೇ 1931ರಲ್ಲಿ ಬ್ರೂವರಿ ತೆಗೆದರು. ಬಿಯರ್ ಮಾಡಲು ಬಂದವರು ಹೊರಗಿನವರು. ಹಾಗಾದರೆ ಸನ್ಯಾಸಿ ಇದ್ದರೇನು, ಬಿಟ್ಟರೇನು?

ವ್ಯತ್ಯಾಸ ಇದೆ. ಹಂಡೆ ಕದಡುವ ಕೈ ಯಾರದಾದರೂ ಆಗಲಿ, ವರ್ಷಕ್ಕೆ ಎಷ್ಟು ಹಂಡೆ ಅಂತ ತೀರ್ಮಾನ ಮಾಡುವವರು ಮಠದವರು. ನೆದರ್ಲೆಂಡ್ಸಿನ ಲಾ ಟ್ರ್ಯಾಪ್ ಬ್ರೂವರಿಯ ಕಥೆ ನೋಡಿ. 1999ರಲ್ಲಿ ಮಠದವರು ಬ್ರೂವರಿ ನಡೆಸುವುದನ್ನು ದೊಡ್ಡ ಕಂಪನಿಯೊಂದಕ್ಕೆ ಒಪ್ಪಿಸಿದರು. ಜಾಗ ಅದೇ, ಸನ್ಯಾಸಿಗಳೂ ಅಲ್ಲೇ ಇದ್ದರು. ಆದರೂ ಮುದ್ರೆ ಹೋಯಿತು. ಸನ್ಯಾಸಿಗಳಿಗೆ ಮತ್ತೆ ಹಿಡಿತ ಸಿಕ್ಕ ಮೇಲೆ, 2005ರಲ್ಲಿ, ವಾಪಸ್ ಬಂತು. ಮುದ್ರೆ ಏನನ್ನು ಕಾಯುತ್ತಿದೆ ಅಂತ ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಲೆಫ್. ಬೆಂಗಳೂರಿನಿಂದ ಬಂದವರು ಇಲ್ಲಿ ಮೊದಲು ಕುಡಿಯುವುದು ಬಹುಶಃ ಅದನ್ನೇ. ಲೇಬಲ್ ಮೇಲೆ ಮಠದ ಚಿತ್ರ ಇದೆ. ಮಠವೂ ನಿಜ, 1152ರಲ್ಲಿ ಕಟ್ಟಿದ್ದು. ಆದರೆ 1952ರಿಂದ ಅದರ ಹೆಸರಿನ ಬಿಯರ್ ಮಾಡುತ್ತಿರುವವರು ಹೊರಗಿನ ಬ್ರೂವರಿಯವರು, ಮಠಕ್ಕೆ ಹೆಸರಿನ ಬಾಬ್ತು ದುಡ್ಡು ಸಲ್ಲುತ್ತದೆ. ಈಗ ಅದು ಜಗತ್ತಿನ ಅತಿ ದೊಡ್ಡ ಬಿಯರ್ ಕಂಪನಿಯ ಬ್ರಾಂಡು. ಕುಡಿಯಬೇಡಿ ಅಂತ ನಾನು ಹೇಳುವುದಿಲ್ಲ. ಅದಕ್ಕೆ ಅಬ್ಬಿ (ಅಂದರೆ ಮಠ) ಬಿಯರ್ ಅಂತ ಬೇರೆ ಹೆಸರೇ ಇದೆ, ಅದನ್ನೂ ಟ್ರ್ಯಾಪಿಸ್ಟ್ ಬಿಯರನ್ನೂ ಒಂದೇ ಅಂದುಕೊಳ್ಳಬೇಡಿ ಅಷ್ಟೇ. ಟ್ರ್ಯಾಪಿಸ್ಟ್ ಹೆಸರಿಗಾಗಿ ಮಠದವರು ಕೋರ್ಟ್ ಮೆಟ್ಟಿಲು ಹತ್ತಿ 1962ರಲ್ಲಿ ಗೆದ್ದಿದ್ದು ಈ ಗೆರೆ ಅಳಿಸಿಹೋಗಬಾರದು ಅಂತಲೇ.

2016ರಲ್ಲಿ ಯುನೆಸ್ಕೋ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷದ ವಿಷಯವೇ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಮಠಕ್ಕೆ ಹೊಸಬರು ಬರುವುದಿಲ್ಲ. ಇರುವ ಸನ್ಯಾಸಿಗಳಿಗೆ ವಯಸ್ಸಾಗುತ್ತಿದೆ. ಅಮೆರಿಕದ ಏಕೈಕ ಟ್ರ್ಯಾಪಿಸ್ಟ್ ಬ್ರೂವರಿ 2022ರಲ್ಲಿ ಬಾಗಿಲು ಹಾಕಿತು. ನಿಯಮ ಸಡಿಲಿಸಿ ಅನ್ನುವ ಒತ್ತಾಯ ಮುಂದೆ ಜಾಸ್ತಿಯೇ ಆಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಓರ್ವಾಲ್. ಬಾಟಲಿಗೆ ತುಂಬುವಾಗ ಅದಕ್ಕೆ ಬ್ರೆಟ್ ಅನ್ನೋ ಕಾಡು ಯೀಸ್ಟ್ ಸೇರಿಸುತ್ತಾರೆ. ಅದು ಒಳಗೇ ನಿಧಾನಕ್ಕೆ ಕೆಲಸ ಮಾಡುತ್ತಿರುತ್ತದೆ. ಹೊಸ ಬಾಟಲಿಯಲ್ಲಿ ಹಾಪ್ಸ್ ಘಮ, ಚುರುಕು ಕಹಿ. ವರ್ಷ ಕಳೆದದ್ದರಲ್ಲಿ ಕಹಿ ಹಿಂದೆ ಸರಿದು, ಬೇರೆಯೇ ಒಂದು ಒಣ, ಒರಟು ವಾಸನೆ ಮೇಲೆ ಬಂದಿರುತ್ತದೆ. ತುಂಬಿದ ತಾರೀಖು ಲೇಬಲ್ ಮೇಲೇ ಇರುತ್ತದೆ. ಈ ಕಡೆ ಬಂದರೆ ಹೊಸದೊಂದು, ಹಳೆಯದೊಂದು ಪಕ್ಕಪಕ್ಕ ಇಟ್ಟುಕೊಂಡು ಕುಡಿದು ನೋಡಿ. ನಿಧಾನಕ್ಕೆ ಬಗ್ಗಿಸಿ, ತಳದ ಗಸಿ ಕದಡದ ಹಾಗೆ.

ಮುಂದೊಂದು ದಿನ ಅಲ್ಲೂ ಸನ್ಯಾಸಿಗಳು ಇಲ್ಲವಾದರೆ ಆ ಬಿಯರನ್ನು ನಾನು ಆಗಲೂ ಕುಡಿಯುತ್ತೇನೆ. ಮುದ್ರೆ ಮಾತ್ರ ತೆಗೆಯಲೇಬೇಕು ಅಂತ ಆಗಲೂ ಹೇಳುತ್ತೇನೆ.