ಬಟ್ಟಲಿನ ತಳದಲ್ಲಿರುವುದು ಮಾಲೀಕನ ಹೆಸರು

ಹಳೆಯ ಇಂಗ್ಲಿಷ್ ಪಿಂಗಾಣಿ ಬಟ್ಟಲನ್ನು ಮಗುಚಿ ನೋಡಿದರೆ ತಳದಲ್ಲಿ ವೆಜ್‌ವುಡ್, ಸ್ಪೋಡ್, ಮಿಂಟನ್ ಎಂದು ಕಾರ್ಖಾನೆಯ ಒಡೆಯನ ಹೆಸರು ಕಾಣುತ್ತದೆ. ಆ ಮುದ್ರೆ ನೋಡಿ ಬಟ್ಟಲು ಯಾವ ದಶಕದ್ದು, ಎಷ್ಟು ಬೆಲೆಬಾಳುತ್ತದೆ ಎಂದು ಹೇಳುವವರು ಸಾವಿರ ಜನ ಇದ್ದಾರೆ. ಅದಕ್ಕೆ ಹಿಡಿ ಅಂಟಿಸಿದವರು, ಸೀಸದ ಲೇಪದ ತೊಟ್ಟಿಯಲ್ಲಿ ಅದ್ದಿದವರು, ಅಂಚಿಗೆ ಚಿನ್ನದ ಗೆರೆ ಎಳೆದವರು ಯಾರು ಎಂದು ಕೇಳಿದರೆ ಮಾತ್ರ "ಅಂಥವರ ದಾಖಲೆ ಎಲ್ಲಿರುತ್ತೆ" ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ಒಪ್ಪಲು ನನಗೆ ಸಾಧ್ಯವಿಲ್ಲ. ದಾಖಲೆ ರಾಶಿ ರಾಶಿ ಇದೆ. ಅದನ್ನು ಓದಲು ಮೊದಲು ಕೆಲಸ ಗೊತ್ತಿರಬೇಕು, ಹೆಸರು ಆಮೇಲೆ. ವಂಶವೃಕ್ಷ ಹುಡುಕುವವರಲ್ಲಿ ಬಹುಪಾಲು ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಹೆಸರು, ಹುಟ್ಟು, ಸಾವು ಬರೆದುಕೊಂಡು ಕಸುಬಿನ ಕಾಲಂ ಮೇಲೆ ಕಣ್ಣಾಡಿಸಿ ಮುಂದೆ ಹೋಗಿಬಿಡುತ್ತಾರೆ.

ನಾನು ಹೇಳುತ್ತಿರುವುದು ಇಂಗ್ಲೆಂಡಿನ ಉತ್ತರ ಸ್ಟಾಫರ್ಡ್‌ಶೈರ್ ಬಗ್ಗೆ. ಟನ್‌ಸ್ಟಾಲ್, ಬರ್ಸ್‌ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್‌ಟನ್ ಎಂಬ ಆರು ಊರುಗಳು 1910ರಲ್ಲಿ ಒಂದಾಗಿ ಸ್ಟೋಕ್-ಆನ್-ಟ್ರೆಂಟ್ ಆದವು. ಅದಕ್ಕಿಂತ ಹಿಂದಿನ ಜನನ ಮರಣ ಹುಡುಕುವಾಗ ಈಗಿನ ನಗರದ ಹೆಸರು ಹಾಕಿದರೆ ಅರ್ಧ ಜನ ತಪ್ಪಿಹೋಗುತ್ತಾರೆ. ಬರ್ಸ್‌ಲೆಮ್, ಟನ್‌ಸ್ಟಾಲ್‌ನವರು ವುಲ್‌ಸ್ಟಾಂಟನ್ ನೋಂದಣಿ ಜಿಲ್ಲೆಗೆ ಸೇರಿದ್ದರು, ಹ್ಯಾನ್ಲಿ, ಫೆಂಟನ್, ಲಾಂಗ್‌ಟನ್‌ನವರು ಸ್ಟೋಕ್-ಅಪಾನ್-ಟ್ರೆಂಟ್ ಜಿಲ್ಲೆಗೆ. ಎರಡರಲ್ಲೂ ಹುಡುಕಬೇಕು.

ನಮ್ಮ ಊರಿನ ಕುಂಬಾರ ಮಣ್ಣು ತರುವುದರಿಂದ ಹಿಡಿದು ತಿಗರಿ ತಿರುಗಿಸಿ, ತಟ್ಟಿ, ಆವಿಗೆ ಹಾಕಿ ಸುಡುವವರೆಗೆ ಎಲ್ಲವನ್ನೂ ಮನೆಮಂದಿಯ ಜೊತೆಗೆ ತಾನೇ ಮಾಡುತ್ತಾನೆ. ಸ್ಟಾಫರ್ಡ್‌ಶೈರ್‌ನಲ್ಲಿ ಇದೇ ಕಸುಬು ಹತ್ತಾರು ಕೆಲಸಗಳಾಗಿ ಒಡೆದಿತ್ತು. ಜನಗಣತಿಯಲ್ಲಿ 'ಪಾಟರ್' ಎಂದಷ್ಟೇ ಇದ್ದರೆ ಏನೂ ತಿಳಿಯುವುದಿಲ್ಲ, ಹತ್ತು ವರ್ಷ ಹಿಂದಿನ ಅಥವಾ ಮುಂದಿನ ಗಣತಿಯಲ್ಲಿ ಅದೇ ವ್ಯಕ್ತಿಯ ಕೆಲಸ ಬಿಡಿಸಿ ಬರೆದಿದೆಯೇ ನೋಡಬೇಕು. ಬಿಡಿಸಿ ಬರೆದ ಕಡೆಯೂ ಎಡವಲು ದಾರಿ ಬೇಕಾದಷ್ಟಿದೆ. 'ಪ್ರಿಂಟರ್' ಎಂದರೆ ಅಲ್ಲಿ ಪತ್ರಿಕೆ ಅಚ್ಚು ಹಾಕುವವನಲ್ಲ, ತಾಮ್ರದ ಫಲಕದಿಂದ ತೆಳು ಕಾಗದಕ್ಕೆ ಚಿತ್ತಾರ ಇಳಿಸುವವನು. ಆ ಕಾಗದವನ್ನು ಪಾತ್ರೆಗೆ ಅಂಟಿಸಿ ಉಜ್ಜುವವಳು 'ಟ್ರಾನ್ಸ್‌ಫರರ್', ಕಾಗದ ಕತ್ತರಿಸಿ ಕೊಡುವ ಹುಡುಗಿ 'ಕಟರ್'. 'ಟರ್ನರ್' ಅರೆ ಒಣಗಿದ ಮಣ್ಣಿನ ಪಾತ್ರೆಯನ್ನು ಲೇತ್ ಮೇಲೆ ಕೆತ್ತುವವನು, ಬಡಗಿಯಲ್ಲ. 'ಥ್ರೋವರ್' ತಿಗರಿಯವನು, ಆದರೆ ಹತ್ತಿರದ ಲೀಕ್ ಊರು ರೇಷ್ಮೆಗೆ ಹೆಸರಾದದ್ದು, ಅಲ್ಲಿ ರೇಷ್ಮೆ ನೂಲು ಹುರಿ ಮಾಡುವವರಿಗೂ ಇದೇ ಮಾತು ಅಂಟಿಕೊಂಡಿತ್ತು. 'ಫೈರ್‌ಮನ್' ಇನ್ನೂ ಕಷ್ಟ. ಓವನ್ ಉರಿ ನೋಡಿಕೊಳ್ಳುವವನಾಗಿರಬಹುದು, ಕಲ್ಲಿದ್ದಲು ಗಣಿಯಲ್ಲಿ ಅನಿಲ ಪರೀಕ್ಷಿಸುವವನಾಗಿರಬಹುದು, ರೈಲ್ವೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುವವನೂ ಆಗಿರಬಹುದು. ಆರು ಊರುಗಳಲ್ಲಿ ಈ ಮೂವರೂ ಒಂದೇ ಬೀದಿಯಲ್ಲಿ ಇರುತ್ತಿದ್ದರು. 'ಓವನ್‌ಮನ್' ಮತ್ತು 'ಕಿಲ್ನ್‌ಮನ್' ಸಹ ಬೇರೆ ಬೇರೆ. ಓವನ್ ಎಂದರೆ ಬಾಟಲಿಯಾಕಾರದ ದೊಡ್ಡ ಗೂಡು, ಕಿಲ್ನ್ ಎಂದರೆ ಬಣ್ಣ ಮತ್ತು ಚಿನ್ನವನ್ನು ಗಟ್ಟಿಗೊಳಿಸುವ ಚಿಕ್ಕದು.

ದೊಡ್ಡ ಓವನ್ನಿನಲ್ಲಿ ಸುಮಾರು 2,000 ಸ್ಯಾಗರ್‌ಗಳು ಹಿಡಿಯುತ್ತಿದ್ದವು. ಸ್ಯಾಗರ್ ಎಂದರೆ ಪಾತ್ರೆಗಳಿಗೆ ಹೊಗೆ, ಜ್ವಾಲೆ ತಾಗದಂತೆ ಇಡುವ ಒರಟು ಮಣ್ಣಿನ ಡಬ್ಬಿ. ಅವನ್ನು ತುಂಬಿ, ತಲೆಯ ಮೇಲೆ ಹೊತ್ತು, ಏಣಿ ಹತ್ತಿ ಒಂದರ ಮೇಲೊಂದು ಪೇರಿಸುವವನು 'ಪ್ಲೇಸರ್'. ಸ್ಯಾಗರ್‌ನ ತಳಕ್ಕೆ ಬೇಕಾದ ಮಣ್ಣನ್ನು ಕಬ್ಬಿಣದ ಬಳೆಯೊಳಗೆ ಕೊಡತಿಯಿಂದ ಬಡಿಯುವ ಹುಡುಗ 'ಬಾಟಮ್ ನಾಕರ್'. ಇಂಥ ಹೆಸರು ನೋಡಿ ನಗುವವರಿದ್ದಾರೆ. ದಿನವಿಡೀ ಹಸಿ ಮಣ್ಣು ಬಡಿದ ಹುಡುಗನ ತೋಳಿನ ಲೆಕ್ಕ ಅದು, ನಗುವಂಥದ್ದು ಅದರಲ್ಲಿ ಏನೂ ಇಲ್ಲ.

ಕಾರ್ಖಾನೆಗಳ ಸಂಬಳದ ಪುಸ್ತಕದಲ್ಲೇ ಎಲ್ಲ ಸಿಗುತ್ತದೆ ಎಂಬ ನಂಬಿಕೆ ಬಲವಾಗಿದೆ. ವೆಜ್‌ವುಡ್ ಸಂಗ್ರಹ ಬಾರ್ಲಸ್ಟನ್‌ನಲ್ಲಿದೆ, ಮಿಂಟನ್ ದಾಖಲೆಗಳು 2015ರಲ್ಲಿ ಹರಾಜಿನ ಭಯದಿಂದ ಪಾರಾಗಿ ನಗರದ ಪಾಲಾದವು, ಎರಡೂ ಅಮೂಲ್ಯ. ಆದರೆ ಆ ಪುಸ್ತಕಗಳಲ್ಲಿ ಸಿಗುವುದು ಬಹುಮಟ್ಟಿಗೆ ಮಾಲೀಕ ಯಾರಿಗೆ ದುಡ್ಡು ಎಣಿಸಿ ಕೊಟ್ಟನೋ ಅವರು ಮಾತ್ರ. ತಟ್ಟೆ ಮಾಡುವವನಿಗೆ ಎಣಿಕೆಯ ಮೇಲೆ ಕೂಲಿ, ಅವನ ಕೈಕೆಳಗಿನ ಹುಡುಗರಿಗೆ ಅವನೇ ತನ್ನ ಕೂಲಿಯಿಂದ ಕೊಡಬೇಕು. ಹೀಗಾಗಿ ಅಚ್ಚು ಹೊತ್ತು ಓಡುವ 'ಮೌಲ್ಡ್ ರನ್ನರ್' ಹುಡುಗ ಕಾರ್ಖಾನೆಯ ಲೆಕ್ಕಕ್ಕೇ ಬರಲಿಲ್ಲ. ಹಸಿ ತಟ್ಟೆ ಅಂಟಿದ ಪ್ಲಾಸ್ಟರ್ ಅಚ್ಚನ್ನು ಎತ್ತಿಕೊಂಡು, ಫ್ಯಾರನ್‌ಹೀಟ್ 100 ಡಿಗ್ರಿ ದಾಟಿ ಕಾಯುತ್ತಿದ್ದ ಒಣಗಿಸುವ ಕೋಣೆಗೆ ಓಡಿ, ಹಲಗೆಯ ಮೇಲಿಟ್ಟು, ಒಣಗಿದ್ದನ್ನು ಬಿಡಿಸಿ, ಖಾಲಿ ಅಚ್ಚು ಹಿಡಿದು ಮರಳಿ ಓಡಬೇಕು. ಎಂಟು ಒಂಬತ್ತು ವರ್ಷದ ಮಕ್ಕಳು ಚಳಿಗಾಲದಲ್ಲೂ ಬೆವರು ಸುರಿಸುತ್ತ ಮೈಲಿಗಟ್ಟಲೆ ಓಡಿದ್ದು ಹೀಗೆ. ತಿಗರಿಯವನ ಪಕ್ಕದಲ್ಲಿ ಮಣ್ಣಿನ ಉಂಡೆ ಕಟ್ಟಿ ಕೊಡುವ ಹೆಂಗಸು, ಲೇತ್ ತುಳಿಯುವ ಹೆಂಗಸು, ಇವರದೂ ಇದೇ ಕತೆ.

ಈ ಮಕ್ಕಳನ್ನು ಹುಡುಕಲು ಒಂದು ಒಳ್ಳೆಯ ದಾರಿ ಇದೆ, ತುಂಬ ಜನ ಅದನ್ನು ಬಳಸುವುದೇ ಇಲ್ಲ. ಮಕ್ಕಳ ದುಡಿಮೆಯ ಬಗ್ಗೆ ವಿಚಾರಣೆ ನಡೆಸಲು ಸರ್ಕಾರ ನೇಮಿಸಿದ ಆಯೋಗದ ಪರವಾಗಿ ಸ್ಯಾಮ್ಯುಯೆಲ್ ಸ್ಕ್ರಿವೆನ್ 1840-41ರ ಚಳಿಗಾಲದಲ್ಲಿ ಈ ಕಾರ್ಖಾನೆಗಳನ್ನು ಸುತ್ತಿ ಮಕ್ಕಳ ಹೇಳಿಕೆಗಳನ್ನು ಬರೆದುಕೊಂಡ. ಹೆಸರು, ವಯಸ್ಸು, ಕಾರ್ಖಾನೆ, ಯಾರ ಕೈಕೆಳಗೆ ಕೆಲಸ, ಓದಲು ಬರುತ್ತದೆಯೇ, ಊಟಕ್ಕೆ ಏನು ಎಂಬುದೆಲ್ಲ ಮಗುವಿನ ಬಾಯಲ್ಲೇ ಇದೆ. ಅದಾದ ಕೆಲವೇ ತಿಂಗಳಿಗೆ, 1841ರ ಜೂನ್ 6ರಂದು, ಜನಗಣತಿ ನಡೆಯಿತು. ಆ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವ ನಿಯಮವಿತ್ತು, 39 ವರ್ಷದವನು 35 ಆಗುತ್ತಾನೆ. ಚಿಕ್ಕ ಮಕ್ಕಳ ವಯಸ್ಸು ಮಾತ್ರ ಇದ್ದಂತೆ ಇರುತ್ತದೆ. ಆದ್ದರಿಂದ ಸ್ಕ್ರಿವೆನ್ ಮುಂದೆ ಮಾತಾಡಿದ ಒಂಬತ್ತು ವರ್ಷದ ಹುಡುಗನನ್ನು 1841ರಲ್ಲಿ ಒಂಬತ್ತು ಅಥವಾ ಹತ್ತರ ವಯಸ್ಸಿನಲ್ಲಿ ಮನೆಯವರ ಜೊತೆಗೆ ಹುಡುಕಬಹುದು. ಕಸುಬಿನ ಕಾಲಂ ಖಾಲಿ ಇದ್ದರೆ ಹುಡುಗ ಬೇರೆ ಎಂದುಕೊಳ್ಳಬೇಡಿ. ತಂದೆತಾಯಿಗೆ ಕೂಲಿಯಿಲ್ಲದೆ ನೆರವಾಗುವ ಮಕ್ಕಳ ಮತ್ತು ಹೆಂಡತಿಯರ ಕೆಲಸ ಬರೆಯಬೇಕಿಲ್ಲ ಎಂದು ಎಣಿಕೆದಾರರಿಗೆ ಸೂಚನೆಯೇ ಇತ್ತು. ಅಲ್ಲಿಂದ 1851ಕ್ಕೆ ಹೋದರೆ ನಿಖರ ವಯಸ್ಸು, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು), ಮನೆಯ ಯಜಮಾನನಿಗೆ ಏನಾಗಬೇಕು ಎಂಬುದು ಮೂರೂ ಸಿಗುತ್ತದೆ. ಆ ಹೊತ್ತಿಗೆ ಹುಡುಗ ತಾನೇ ತಟ್ಟೆ ಮಾಡುವವನಾಗಿರಬಹುದು, ಅವನ ತಮ್ಮನ ಕಸುಬಿನ ಎದುರಿಗೆ 'ಮೌಲ್ಡ್ ರನ್ನರ್' ಎಂದಿರಬಹುದು. ಮಡಿಕೆ ಕಾರ್ಖಾನೆಗಳು ಕಾಯಿದೆಯ ಹಿಡಿತಕ್ಕೆ ಬಂದದ್ದು 1864ರಲ್ಲಿ. ಎಂಟು ವರ್ಷದೊಳಗಿನ ಮಕ್ಕಳನ್ನು ಸೇರಿಸುವಂತಿಲ್ಲ, 13ರವರೆಗೆ ಅರ್ಧ ದಿನ ಶಾಲೆ ಎಂದಾಯಿತು. ಅಲ್ಲಿಂದಾಚೆ 'ಸ್ಕಾಲರ್', ಅಂದರೆ ಶಾಲೆಗೆ ಹೋಗುವವನು, ಎಂದು ಬರೆದ ಹುಡುಗ ಉಳಿದರ್ಧ ದಿನ ಅಚ್ಚು ಹೊರುತ್ತಿದ್ದಿರಬಹುದು ಎಂಬ ಎಚ್ಚರ ಬೇಕು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತೇವೆ. ಸ್ಟಾಫರ್ಡ್‌ಶೈರ್‌ನಲ್ಲಿ ದೊಣ್ಣೆಯ ಕೆಲಸವನ್ನು ಓವನ್ ಮಾಡುತ್ತಿತ್ತು, ನಷ್ಟ ಕುಂಬಾರನ ತಲೆಗೆ ಬರುತ್ತಿತ್ತು. 'ಗುಡ್ ಫ್ರಮ್ ಓವನ್' ಪದ್ಧತಿಯಲ್ಲಿ ಸುಟ್ಟು ಹೊರಬಂದ ಮೇಲೆ ಚೆನ್ನಾಗಿದ್ದ ಪಾತ್ರೆಗಷ್ಟೇ ಕೂಲಿ. ಉರಿ ಏರುಪೇರಾದರೂ, ಪ್ಲೇಸರ್ ತಪ್ಪಿದರೂ, ಮಾಲೀಕ ಅಗ್ಗದ ಮಣ್ಣು ತರಿಸಿದರೂ ಕೂಲಿ ಕಳೆದುಕೊಳ್ಳುವವನು ಅಚ್ಚಿಗೆ ಮಣ್ಣು ಒತ್ತಿದವನು. ಹಾಗಾಗಿ ತನ್ನ ಪಾತ್ರೆ ಯಾವುದೆಂದು ಎಣಿಸಲು ಕೆಲಸಗಾರರು ತಳದಲ್ಲಿ ಚಿಕ್ಕ ಗುರುತು ಒತ್ತುತ್ತಿದ್ದರು, ಒಂದು ಚುಕ್ಕಿ, ಅಕ್ಷರ, ಅಂಕಿ. ದೊಡ್ಡ ಮುದ್ರೆಯ ಪಕ್ಕದಲ್ಲಿರುವ ಆ ಗೀಚು ಕೂಲಿಗಾಗಿ ಇಟ್ಟ ರುಜು. ಪಾತ್ರೆ ಕೊಳ್ಳುವವರು ಅದನ್ನೂ ಫೋಟೊ ತೆಗೆದು ಬರೆದಿಡಬೇಕೆಂದು ನನ್ನ ಕಳಕಳಿಯ ಕೋರಿಕೆ.

ಆಗ ಕೆಲಸಕ್ಕೆ ಸೇರುತ್ತಿದ್ದುದು ನವೆಂಬರ್ 11ರ ಮಾರ್ಟಿನ್‌ಮಸ್ ಹಬ್ಬದಿಂದ ಒಂದು ವರ್ಷದ ಕರಾರಿನ ಮೇಲೆ. ಕಾಗದಪತ್ರ ಹುಡುಕುವವರಿಗೆ ಇದರಿಂದ ದೊಡ್ಡ ಲಾಭವಿದೆ. 1834ರವರೆಗೆ ಅವಿವಾಹಿತನೊಬ್ಬ ಒಂದು ಪ್ಯಾರಿಷ್‌ನಲ್ಲಿ ವರ್ಷಪೂರ್ತಿ ಕರಾರಿನ ಕೆಲಸ ಮಾಡಿದರೆ ಬಡತನ ಬಂದಾಗ ಅಲ್ಲಿಯೇ ನೆರವು ಪಡೆಯುವ ಹಕ್ಕು ಸಿಗುತ್ತಿತ್ತು. ಅವನು ಕಷ್ಟಕ್ಕೆ ಸಿಕ್ಕಿ ಕೈಯೊಡ್ಡಿದಾಗ ಅಧಿಕಾರಿಗಳು ಕೂರಿಸಿಕೊಂಡು, ಎಲ್ಲಿ ಹುಟ್ಟಿದೆ, ಯಾರ ಬಳಿ ಕಲಿತೆ, ಯಾವ ಮಾಲೀಕನ ಬಳಿ ಎಷ್ಟು ಕೂಲಿಗೆ ಎಷ್ಟು ದಿನ ಇದ್ದೆ ಎಂದೆಲ್ಲ ಪ್ರಮಾಣ ಮಾಡಿಸಿ ಬರೆದುಕೊಳ್ಳುತ್ತಿದ್ದರು. ಸಾಮಾನ್ಯ ಕೂಲಿಕಾರನ ಜೀವನಚರಿತ್ರೆ ಎಲ್ಲಾದರೂ ಇದ್ದರೆ ಈ ಸೆಟಲ್‌ಮೆಂಟ್ ವಿಚಾರಣೆಯ ಹಾಳೆಗಳಲ್ಲಿದೆ. 1842ರ ಆಗಸ್ಟ್‌ನ ಕಾರ್ಮಿಕ ಗಲಭೆಯ ನಂತರ ಈ ಊರುಗಳಿಂದ ಗಡೀಪಾರಾದವರದೂ ಹಾಗೆ. ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿಸಿದ ಕೈದಿಗಳ ಪಟ್ಟಿಯಲ್ಲಿ ಎತ್ತರ, ಕಣ್ಣಿನ ಬಣ್ಣ, ಗಾಯದ ಕಲೆ, ಕಸುಬು ಎಲ್ಲ ಇರುತ್ತದೆ. ಮುಖಚಹರೆ ದಾಖಲಾಗಬೇಕಾದರೆ ಬಡವನು ಕೈದಿಯಾಗಬೇಕಿತ್ತು.

ಹೆಸರಿನ ತೊಡಕನ್ನು ಬೇಗ ಹೇಳಿಬಿಡುತ್ತೇನೆ. ಆ ಸೀಮೆಯಲ್ಲಿ ವುಡ್, ಆಡಮ್ಸ್, ಕೋಕ್ಲಿ ಮುಂತಾದ ಮನೆತನದ ಹೆಸರುಗಳು ಬೀದಿಗೆ ಹತ್ತು. ಕೋಕ್ಲಿ ಎಂದು ಉಚ್ಚರಿಸುವ ಹೆಸರಿನ ಇಂಗ್ಲಿಷ್ ಕಾಗುಣಿತಕ್ಕೂ ಉಚ್ಚಾರಕ್ಕೂ ಸಂಬಂಧವೇ ಇಲ್ಲ, ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ಕಾಗುಣಿತ ನಂಬದೆ ಕಸುಬು, ಬೀದಿ, ಮದುವೆಯ ಸಾಕ್ಷಿಗಳು ಈ ಮೂರನ್ನು ಹೊಂದಿಸಿ ನೋಡಬೇಕು. ಪ್ಯಾರಿಷ್ ಚರ್ಚಿನಲ್ಲಿ ದೀಕ್ಷಾಸ್ನಾನ ಸಿಗದಿದ್ದರೆ ಮೆಥಡಿಸ್ಟ್ ಎಂಬ ಬೇರೆ ಕ್ರೈಸ್ತ ಪಂಗಡದ ಚಾಪೆಲ್ ಪುಸ್ತಕ ನೋಡಿ. ಕುಂಬಾರರಲ್ಲಿ ಮೆಥಡಿಸ್ಟರು ಬಹಳ. 1837ಕ್ಕೆ ಹಿಂದಿನ ಆ ಪುಸ್ತಕಗಳಲ್ಲಿ ಹೆಚ್ಚಿನವು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಇನ್ನು ಸಾವಿನ ಕಾಗದ. ನೋವಿನ ವಿಷಯವೆಲ್ಲ ಇರುವುದು ಇಲ್ಲಿ. ಮೂಳೆಯ ಬೂದಿ ಬೆರೆಸಿದ ಬೋನ್ ಚೈನಾ ಪಾತ್ರೆಗಳು ಮೊದಲ ಸುಡುವಿಕೆಯಲ್ಲಿ ಸೊಟ್ಟಗಾಗದಂತೆ ಅವನ್ನು ಫ್ಲಿಂಟ್ (ಚಕಮಕಿ) ಕಲ್ಲಿನ ಹುಡಿಯಲ್ಲಿ ಹುದುಗಿಸಿ ಇಡುತ್ತಿದ್ದರು. ಹೊರತೆಗೆದ ಮೇಲೆ ಅಂಟಿದ ಹುಡಿಯನ್ನು ಬ್ರಷ್‌ನಿಂದ ಉಜ್ಜಿ ತೆಗೆಯುವುದು 'ಚೈನಾ ಸ್ಕೌರರ್' ಹೆಂಗಸರ ಕೆಲಸ. ಆ ಹುಡಿ ಶ್ವಾಸಕೋಶ ಸೇರಿ ಗಟ್ಟಿಯಾಗುತ್ತಿತ್ತು. ಜನ ಅದನ್ನು ಕುಂಬಾರರ ಉಬ್ಬಸ, ಕುಂಬಾರರ ಕೊಳೆತ ಎಂದು ಕರೆದರು. ಪ್ರಮಾಣಪತ್ರದಲ್ಲಿ ಮಾತ್ರ ಬ್ರಾಂಕೈಟಿಸ್ ಅಥವಾ ಕ್ಷಯ ಎಂದಿರುತ್ತದೆ. ವೈದ್ಯರ ಪ್ರಮಾಣ ಕಡ್ಡಾಯವಾದದ್ದೇ 1875ರಿಂದ, ಅದಕ್ಕೆ ಹಿಂದಿನ ಕಾರಣಗಳನ್ನು ಅಷ್ಟಾಗಿ ನೆಚ್ಚಬೇಡಿ. ಇದಕ್ಕಿಂತ ದೊಡ್ಡ ಅನ್ಯಾಯ ಕಸುಬಿನ ಕಾಲಂನಲ್ಲಿದೆ. ಮದುವೆಯಾದ ಹೆಂಗಸು ಸತ್ತರೆ 'ಇಂಥ ಪ್ಲೇಸರ್‌ನ ಹೆಂಡತಿ' ಎಂದು ಬರೆದರು. ಇಪ್ಪತ್ತು ವರ್ಷ ಹುಡಿ ಉಜ್ಜಿ ಸತ್ತವಳ ಕೆಲಸ ಅವಳ ಸಾವಿನ ಕಾಗದದಲ್ಲೇ ಇಲ್ಲ. ಅವಳ ಮದುವೆಗೆ ಮುಂಚಿನ ಗಣತಿ ಮತ್ತು ವಿಧವೆಯಾದ ಮೇಲಿನ ಗಣತಿ ತೆಗೆದು ನೋಡಿ, ಕೆಲಸ ಅಲ್ಲಿ ಸಿಗುತ್ತದೆ.

ಸೀಸದ ವಿಷವೂ ಹೀಗೆಯೇ ಅಡಗಿದೆ. ಹಸಿ ಸೀಸ ಬೆರೆಸಿದ ಲೇಪದಲ್ಲಿ ಅದ್ದುವ 'ಡಿಪ್ಪರ್', ಅದ್ದಿದ ಪಾತ್ರೆಯ ಅಂಚು ಒರೆಸುವ 'ವೇರ್ ಕ್ಲೀನರ್' ಹೆಂಗಸು, ಬಣ್ಣದ ಪುಡಿ ಉದುರಿಸುವ ಹುಡುಗಿ ಇವರಿಗೆ ಒಸಡಿನ ಮೇಲೆ ನೀಲಿ ಗೆರೆ, ಹೊಟ್ಟೆಶೂಲೆ, ಮಣಿಕಟ್ಟು ಜೋತುಬೀಳುವುದು, ಕೊನೆಗೆ ಸೆಳವು, ಕುರುಡು. ಇದನ್ನು ವೈದ್ಯರು ವರದಿ ಮಾಡಲೇಬೇಕೆಂಬ ಕಾನೂನು 1895ರಲ್ಲಿ ಬಂದ ಮೇಲೆ ಮೊದಲ ವರ್ಷಗಳಲ್ಲಿ ಮಡಿಕೆ ಉದ್ಯಮದಿಂದಲೇ ವರ್ಷಕ್ಕೆ 400ಕ್ಕೂ ಹೆಚ್ಚು ಪ್ರಕರಣ ದಾಖಲಾದವು. ಕಾರ್ಖಾನೆ ಇನ್‌ಸ್ಪೆಕ್ಟರರ ವಾರ್ಷಿಕ ವರದಿಯಲ್ಲಿ ಲೆಕ್ಕ ಸಿಗುತ್ತದೆ, ಸಾಮಾನ್ಯವಾಗಿ ಹೆಸರು ಸಿಗದು. ಹೆಸರು ಬೇಕಾದರೆ 'ಸ್ಟಾಫರ್ಡ್‌ಶೈರ್ ಸೆಂಟಿನೆಲ್' ಪತ್ರಿಕೆಯ ಶವವಿಚಾರಣೆಯ ಸುದ್ದಿಗಳನ್ನು ದಿನಾಂಕ ಹಿಡಿದು ಓದಬೇಕು.

ಸೀಸ ಗರ್ಭವನ್ನೂ ಕೆಡಿಸುತ್ತಿತ್ತು. 1911ರ ಗಣತಿಯಲ್ಲಿ ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ಸತ್ತವರೆಷ್ಟು ಎಂದು ಕೇಳಿದರು, ಮನೆಯವರೇ ತಮ್ಮ ಕೈಯಿಂದ ತುಂಬಿದ ಹಾಳೆ ಅದು. ಆದರೆ ಗರ್ಭಪಾತಕ್ಕೂ ಸತ್ತು ಹುಟ್ಟಿದ ಕೂಸಿಗೂ ಅಲ್ಲಿ ಜಾಗವಿಲ್ಲ. ಸತ್ತು ಹುಟ್ಟಿದ್ದನ್ನು ನೋಂದಾಯಿಸಲು ಶುರುಮಾಡಿದ್ದೇ 1927ರಲ್ಲಿ. ಡಿಪ್ಪಿಂಗ್ ಮನೆಯಲ್ಲಿ ದುಡಿದ ಹೆಂಗಸಿನ ಹಾಳೆಯಲ್ಲಿ 15 ವರ್ಷದ ಮದುವೆ, ಒಂದೇ ಮಗು ಎಂದಿದ್ದರೆ 'ಚಿಕ್ಕ ಸಂಸಾರ' ಎಂದು ಬರೆದು ಪುಟ ತಿರುಗಿಸಬೇಡಿ. ಸೀಸವೇ ಕಾರಣ ಎಂದು ಆ ಹಾಳೆಯೊಂದರಿಂದ ಸಾಧಿಸಲಾಗದು, ಅವಳ ಕೆಲಸವನ್ನು ಪಕ್ಕದಲ್ಲೇ ಬರೆದಿಡಬಹುದು. ಹುಟ್ಟಿ ಎರಡು ಗಣತಿಗಳ ನಡುವೆ ಸತ್ತ ಮಕ್ಕಳನ್ನಾದರೂ ನೋಂದಣಿ ಕಚೇರಿಯ ಹೊಸ ಸೂಚಿಯಲ್ಲಿ ಹುಡುಕಬಹುದು, ಅದರಲ್ಲಿ 1837ರಿಂದಲೇ ತಾಯಿಯ ತವರುಮನೆಯ ಹೆಸರು ಸೇರಿಸಿದ್ದಾರೆ.

1921ರ ಗಣತಿ 2022ರಲ್ಲಿ ತೆರೆಯಿತು. ಅದರಲ್ಲಿ ಪ್ರತಿ ಕೆಲಸಗಾರನ ಎದುರಿಗೆ ಮಾಲೀಕನ ಹೆಸರು, ಕೆಲಸದ ಜಾಗ ಇದೆ. ಬಟ್ಟಲಿನ ತಳದ ಹೆಸರನ್ನೇ ಹಿಡಿದು ಅಲ್ಲಿ ದುಡಿದವರ ಬಳಿಗೆ ಹೋಗಲು ಈಗ ದಾರಿ ಇದೆ. ಒಂದು ಎಚ್ಚರಿಕೆ: ಆ ಗಣತಿ ನಡೆದದ್ದು ಜೂನ್ 19ರಂದು, ಕಲ್ಲಿದ್ದಲು ಗಣಿಗಳ ಲಾಕೌಟ್ ಇನ್ನೂ ಮುಗಿದಿರಲಿಲ್ಲ. ಕಲ್ಲಿದ್ದಲಿಲ್ಲದೆ ಓವನ್ ಉರಿಯುವುದಿಲ್ಲ. ಹಾಳೆಯಲ್ಲಿ 'ಕೆಲಸವಿಲ್ಲ' ಎಂದು ಕಂಡರೆ ಅವರನ್ನು ನಿರುದ್ಯೋಗಿಗಳ ಪಟ್ಟಿಗೆ ಸೇರಿಸುವ ಮೊದಲು ಅಕ್ಕಪಕ್ಕದ ಮನೆಗಳ ಹಾಳೆಯನ್ನೂ ತೆಗೆದು ನೋಡಿ.