ಗಂಟೆ ಹೊಡೆಯುವವನು ಕಾರ್ಮಿಕ, ಪಾಠ ಹೇಳುವವರು ಅಲ್ಲ

ಹಾಸನದ ಹೇಮಾವತಿ ಪ್ರತಿಮೆ ಬಳಿಯೋ ಚಿಕ್ಕಮಗಳೂರಿನ ಆಜಾದ್ ಪಾರ್ಕಿನಲ್ಲೋ ಶಿಕ್ಷಕರು ಧರಣಿ ಕೂತರೆ ಬ್ಯಾನರಿನಲ್ಲಿ ಮೂರು ಮಾತು ಖಾಯಂ: ಹಳೇ ಪಿಂಚಣಿ, ವರ್ಗಾವಣೆ, ಬಡ್ತಿ. ಮೂರೂ ನ್ಯಾಯದ ಬೇಡಿಕೆಗಳೇ. 2006ರ ಏಪ್ರಿಲ್ 1ರಿಂದೀಚೆಗೆ ನೇಮಕವಾದವರು ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್ ಪಾಲು. ಒಂದರಿಂದ ಏಳನೇ ತರಗತಿಗೆಂದು ಕೆಲಸಕ್ಕೆ ಸೇರಿದವರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದಕ್ಕೆ ಕಟ್ಟಿಹಾಕಿತು. ಸಿಟ್ಟು ಬರಬೇಕಾದ್ದೇ. ಆದರೆ ಅದೇ ಸ್ಟಾಫ್ ರೂಮಿನಲ್ಲಿ ಕೂರುವ ಅತಿಥಿ ಶಿಕ್ಷಕಿ, ರಸ್ತೆಯಾಚೆಯ ಅನುದಾನರಹಿತ ಶಾಲೆಯ ಮಿಸ್ಸು ಆ ಬ್ಯಾನರಿನಲ್ಲಿ ಇರುವುದಿಲ್ಲ. ಕಾರ್ಮಿಕ ಕಾನೂನು ನಿಜವಾಗಿ ಬೇಕಾಗಿರುವುದು ಅವರಿಗೆ.

ಆ ಕಾನೂನಿನ ತಮಾಷೆ ನೋಡಿ. 1978ರಲ್ಲಿ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ವಿದ್ಯಾಸಂಸ್ಥೆಯೂ ‘ಕೈಗಾರಿಕೆ’ಯೇ ಎಂದಿತು. ಹತ್ತು ವರ್ಷದ ಮೇಲೆ, 1988ರಲ್ಲಿ, ಗೋವಾದ ಸುಂದರಾಂಬಾಳ್ ಪ್ರಕರಣದಲ್ಲಿ ಅದೇ ಕೋರ್ಟು ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದಿತು. ಅಂದರೆ ಶಾಲೆಯ ಬಸ್ ಚಾಲಕನನ್ನು, ಗಂಟೆ ಹೊಡೆಯುವವನನ್ನು ತೆಗೆದರೆ ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು, ಮೇಷ್ಟ್ರು ಹೋಗುವಂತಿರಲಿಲ್ಲ. 2025ರ ನವೆಂಬರ್ 21ರಂದು ಆ ಕಾಯ್ದೆಯ ಬದಲಿಗೆ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯ ‘ಕಾರ್ಮಿಕ’ ವ್ಯಾಖ್ಯೆಯಲ್ಲೂ ಶಿಕ್ಷಕರ ಹೆಸರಿಲ್ಲ. ಸಾಲದ್ದಕ್ಕೆ, ದತ್ತಿ ಮತ್ತು ಸಮಾಜಸೇವಾ ಸಂಸ್ಥೆಗಳನ್ನು ಅದು ‘ಕೈಗಾರಿಕೆ’ಯಿಂದಲೇ ಹೊರಗಿಟ್ಟಿದೆ. ನಮ್ಮ ಖಾಸಗಿ ಶಾಲೆಗಳು ಹೆಚ್ಚಾಗಿ ಟ್ರಸ್ಟು, ಸೊಸೈಟಿಗಳ ಹೆಸರಲ್ಲೇ ಇರುವುದರಿಂದ ಇನ್ನು ಗಂಟೆ ಹೊಡೆಯುವವನ ಪಾಡೂ ಡೋಲಾಯಮಾನ.

ಹಾಗಾದರೆ ಶಿಕ್ಷಕರು ಹೋಗುವುದೆಲ್ಲಿಗೆ? ಕರ್ನಾಟಕ ಶಿಕ್ಷಣ ಕಾಯ್ದೆ, 1983. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಯಲ್ಲಿ ವಿಚಾರಣೆ ನಡೆಸದೆ ಶಿಕ್ಷಕರನ್ನು ವಜಾ ಮಾಡುವಂತಿಲ್ಲ ಎನ್ನುವುದು ಕಲಂ 92. ಮಾಡಿದರೆ ಕಲಂ 94ರ ಪ್ರಕಾರ ಆದೇಶ ಕೈಸೇರಿದ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಜಿಲ್ಲಾ ನ್ಯಾಯಾಧೀಶರೇ ಆ ನ್ಯಾಯಮಂಡಳಿ, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೆಡುವುದು ಎಲ್ಲಿ ಎಂದರೆ, ಆಡಳಿತ ಮಂಡಳಿಯವರು ಆದೇಶವನ್ನೇ ಕೊಡುವುದಿಲ್ಲ. ‘ಜೂನ್‌ನಿಂದ ಬರೋದು ಬೇಡ ಮೇಡಂ’ ಎಂದು ಬಾಯಲ್ಲಿ ಹೇಳುತ್ತಾರೆ. ಶಿಕ್ಷಕರು ಕಾರ್ಯದರ್ಶಿಗಳನ್ನು ಕಂಡು, ಊರ ಹಿರಿಯರನ್ನು ಕಂಡು, ಮನವೊಲಿಸುವುದರಲ್ಲಿ ಆಷಾಢ, ಶ್ರಾವಣ ಕಳೆದು, ಗಡುವು ಮೀರಿತೆಂಬ ತಕರಾರಿಗೆ ದಾರಿಯಾಗುತ್ತದೆ. ಬಾಯಿಮಾತಿನಲ್ಲಿ ಹೇಳಿದ ದಿನವೇ ‘ಇಂದು ನನ್ನನ್ನು ಕೆಲಸಕ್ಕೆ ಬರಬೇಡಿ ಎನ್ನಲಾಗಿದೆ, ಲಿಖಿತ ಆದೇಶ ಕೊಡಿ’ ಎಂದು ಸ್ಪೀಡ್ ಪೋಸ್ಟಿನಲ್ಲಿ ಸ್ವೀಕೃತಿ ಸಹಿತ ಪತ್ರ ಹಾಕಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಒಂದು ಪ್ರತಿ. ಕೆಲಸಕ್ಕೆ ಸೇರುವಾಗಲೇ ತಾರೀಖಿಲ್ಲದ ರಾಜೀನಾಮೆಗೆ ಸಹಿ ಹಾಕಿಸಿಕೊಳ್ಳುವ ಕಡೆ ಈ ಪತ್ರವೇ ದೊಡ್ಡ ಆಸರೆ.

ಇನ್ನು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಬರಬೇಕಾದ ಇಡುಗಂಟು. ಇದರ ಬಗ್ಗೆ ಎಷ್ಟು ಬರೆದರೂ ಕಡಿಮೆ, ಏಕೆಂದರೆ ಕೈಬಿಟ್ಟು ಹೋಗುತ್ತಿರುವ ದುಡ್ಡು ಇದೇ. 2004ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಕರಿಗೆ ಇದು ಬರುವುದಿಲ್ಲ ಎಂದಿತ್ತು. 2009ರಲ್ಲಿ ಸಂಸತ್ತು ಗ್ರಾಚ್ಯುಟಿ ಕಾಯ್ದೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯ ಮಾಡಿತು. ಖಾಸಗಿ ಶಾಲೆಗಳ ಒಕ್ಕೂಟ ಇದನ್ನು ಪ್ರಶ್ನಿಸಿ 2022ರ ಆಗಸ್ಟಿನಲ್ಲಿ ಸೋತಿತು. ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 18,000 ರೂಪಾಯಿ ಸಂಬಳದಲ್ಲಿ 12 ವರ್ಷ 7 ತಿಂಗಳು ದುಡಿದವರಿಗೆ 13 ವರ್ಷದ ಲೆಕ್ಕ, ಏಕೆಂದರೆ ಆರು ತಿಂಗಳು ದಾಟಿದರೆ ಪೂರ್ತಿ ವರ್ಷ. ಮೊತ್ತ 1,35,000 ರೂಪಾಯಿ. 30 ದಿನದೊಳಗೆ ಕೊಡದಿದ್ದರೆ ಸರಳ ಬಡ್ಡಿಯೂ ಸೇರುತ್ತದೆ. ಬೀಳ್ಕೊಡುಗೆಯಲ್ಲಿ ಶಾಲು, ಹಣ್ಣಿನ ಬುಟ್ಟಿ ಹಿಡಿದು ಫೋಟೊಗೆ ನಿಂತವರಲ್ಲಿ ಅರ್ಜಿ ಹಾಕಿದವರೆಷ್ಟು?

ಇಲ್ಲೂ ಒಂದು ಕೈಚಳಕವಿದೆ. ಮಾರ್ಚಿಗೆ ಬಿಡುಗಡೆ, ಜೂನಿಗೆ ಹೊಸ ನೇಮಕ. ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಸತತ ಸೇವೆ ಆಗಲೇಬಾರದೆಂದು. ಆದರೆ ಸಂಬಳ ಕೊಟ್ಟ ಭಾನುವಾರ, ರಜಾದಿನ ಸೇರಿಸಿ ವರ್ಷದಲ್ಲಿ 240 ದಿನ ತುಂಬಿದರೆ ಅದು ಸತತ ಸೇವೆ ಎನ್ನುವ ವಾದಕ್ಕೆ ಬಲವಿದೆ. ಈಗ ಗ್ರಾಚ್ಯುಟಿ ಕಾಯ್ದೆಯ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇನ್ನೊಂದು ಬಾಗಿಲೂ ತೆರೆದಿದೆ: ನಿಗದಿತ ಅವಧಿಯ ಒಪ್ಪಂದ ಮುಗಿದು ಹೊರಬೀಳುವವರಿಗೆ ಐದು ವರ್ಷದ ಷರತ್ತೇ ಇಲ್ಲ.

ಎಲ್ಲದಕ್ಕೂ ಬೇಕಾದದ್ದು ಸಾಕ್ಷ್ಯ. ಹಾಜರಾತಿ ಪುಸ್ತಕ ಶಾಲೆಯವರ ಬೀರುವಿನಲ್ಲಿರುತ್ತದೆ, ಕೇಳಿದಾಗ ಗೆದ್ದಲು ತಿಂದಿರುತ್ತದೆ. ಬ್ಯಾಂಕ್ ಪಾಸ್‌ಬುಕ್, ಪಿಎಫ್ ಪಾಸ್‌ಬುಕ್, ಸರ್ಕಾರದ ಶಾಲಾ ಮಾಹಿತಿ ಜಾಲ ಯು-ಡೈಸ್‌ಗೆ ಶಾಲೆಯೇ ತುಂಬಿದ ಶಿಕ್ಷಕರ ಮಾಹಿತಿ, ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಬಂದ ಆದೇಶ: ಇವು ಹೊರಗಿನ ದಾಖಲೆಗಳು, ಸುಲಭಕ್ಕೆ ತಿದ್ದಲಾಗದವು. ಪ್ರೌಢಶಾಲೆಯವರಿಗೆ ಇನ್ನೂ ಒಂದಿದೆ, ಅದು ಸಂಘದವರಿಗೇ ಹೊಳೆದಿಲ್ಲ. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಮತದಾರರಾಗಲು ನಮೂನೆ 19 ತುಂಬುತ್ತೀರಲ್ಲ, ಅದಕ್ಕೆ ‘ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಬೋಧಿಸಿದ್ದಾರೆ’ ಎಂದು ಮುಖ್ಯಸ್ಥರು ಸಹಿ ಹಾಕಿ ಕೊಡುತ್ತಾರೆ. ವೋಟಿನ ಆಸೆಗೆ ಧಾರಾಳವಾಗಿ ಕೊಡುವ ಆ ಕಾಗದದ ನಕಲು ಇಟ್ಟುಕೊಳ್ಳಿ.

ವೋಟಿನ ಮಾತು ಬಂತು. ಹಾಸನ ದಕ್ಷಿಣ ಶಿಕ್ಷಕರ ಕ್ಷೇತ್ರ, ಚಿಕ್ಕಮಗಳೂರು ನೈಋತ್ಯ ಶಿಕ್ಷಕರ ಕ್ಷೇತ್ರ. ಬೇಲೂರಿನವರು ಮೈಸೂರಿನ ಜತೆ, ಪಕ್ಕದ ಮೂಡಿಗೆರೆಯವರು ಮಂಗಳೂರಿನ ಜತೆ. ಸಂವಿಧಾನದ 171ನೇ ವಿಧಿ ಪ್ರೌಢಶಾಲೆಗಿಂತ ಕೆಳಗಿನವರಿಗೆ ಈ ವೋಟನ್ನೇ ಕೊಟ್ಟಿಲ್ಲ. ಪ್ರಾಥಮಿಕ ಶಾಲಾ ಶಿಕ್ಷಕರ ಸಂಘ ಎಷ್ಟು ದೊಡ್ಡದಾದರೂ ಪರಿಷತ್ತಿನ ಈ ಚುನಾವಣೆಯಲ್ಲಿ ಅದರ ಸದಸ್ಯರು ನೋಡುಗರು ಮಾತ್ರ.

ಸರ್ಕಾರಿ ಶಾಲೆಯ ಕಡೆ ನೋಡಿದರೆ ಹಿಡಿದುಕೊಳ್ಳಬೇಕಾದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಕಲಂ 27ರಲ್ಲಿ ಬೋಧಕೇತರ ಕೆಲಸಕ್ಕೆ ಮೂರೇ ವಿನಾಯಿತಿ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಶಿಕ್ಷಕರನ್ನು ಮನೆಮನೆಗೆ ಕಳಿಸಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಈ ಮೂರರಲ್ಲಿ ಯಾವುದು? ಸಮೀಕ್ಷೆ ಬೇಕೋ ಬೇಡವೋ ಎನ್ನುವ ಚರ್ಚೆ ಬೇರೆ. ಗೌರವಧನ, ಆ್ಯಪ್, ನೆಟ್‌ವರ್ಕ್ ಬಗ್ಗೆ ಮಾತಾಡಿದಷ್ಟು ಈ ಪ್ರಶ್ನೆಯನ್ನು ಕೇಳಬೇಕಿತ್ತು. ಮತದಾರರ ಪಟ್ಟಿ ಕೆಲಸವೂ ಹಾಗೆಯೇ. ಅದನ್ನು ರಜೆಯಲ್ಲಿ, ಪಾಠವಿಲ್ಲದ ವೇಳೆಯಲ್ಲಿ ಮಾಡಿಸಬೇಕೆಂದು 2007ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಆದೇಶ ಬಂದಾಗ ಉತ್ತರದಲ್ಲಿ ಆ ಒಂದು ಸಾಲು ಬರೆಯಬಹುದು.

ಅದೇ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಕಾಫಿ ತೋಟದ ನಡುವಿನ ಶಾಲೆಯಲ್ಲಿ ಎಂಟೇ ಮಕ್ಕಳಿದ್ದರೂ ಇಬ್ಬರು. ಒಬ್ಬರೇ ಇದ್ದರೆ ಅವರು ತರಬೇತಿಗೆ ಹೋದ ದಿನ ಬಾಗಿಲು ಹಾಕಬೇಕು. ಮಕ್ಕಳು ಪೇಟೆಯ ಕಾನ್ವೆಂಟಿನ ವ್ಯಾನು ಹತ್ತುತ್ತಾರೆ. ಮಕ್ಕಳಿಲ್ಲ ಎಂದು ಶಾಲೆ ವಿಲೀನವಾಗುತ್ತದೆ. ಕಲಂ 26ರಂತೆ ಖಾಲಿ ಹುದ್ದೆ ಮಂಜೂರಾದದ್ದರ ಶೇ 10 ಮೀರಬಾರದು. ಮೀರಿದ್ದು ಕಾಣಿಸದಿರಲು ಕಾರಣ, ಅತಿಥಿ ಶಿಕ್ಷಕರು ಇದ್ದಾರಲ್ಲ ಎನ್ನುವ ಸಮಾಧಾನ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಬಿಇಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮೂರು ಕಾಲಂ ಕೇಳಿ: ಮಂಜೂರಾದ ಹುದ್ದೆ, ಖಾಯಂ ಶಿಕ್ಷಕರು, ಅತಿಥಿ ಶಿಕ್ಷಕರು. ಒಂದೇ ವಿಷಯ, 150 ಪದ ಮೀರಬಾರದು. ನಮ್ಮ ರಾಜ್ಯದ ನಿಯಮ ಹಾಗಿದೆ. ಎರಡನೇ ಕಾಲಂನಲ್ಲಿ ಮೂರನೆಯದನ್ನು ಸೇರಿಸಿ ಕೊಟ್ಟರೆ ಮೊದಲ ಮೇಲ್ಮನವಿ ಹಾಕಿ.

ಈ ಕೆಲಸಕ್ಕೆ ಅತಿಥಿ ಶಿಕ್ಷಕರೂ ಖಾಸಗಿಯವರೂ ಸಂಘದೊಳಗೆ ಇರಬೇಕಲ್ಲವೇ ಎಂದರೆ ‘ಬೈಲಾದಲ್ಲಿ ಅವಕಾಶ ಇಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಬೈಲಾ ತಿದ್ದುಪಡಿ ಎಂಬ ಒಂದು ಸಾಲನ್ನು ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ಸೇರಿಸಿ ಎಂದು ತಾಲ್ಲೂಕು ಅಧ್ಯಕ್ಷರಿಗೆ ಈಗಲೇ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.